ಡೀಸೆಲ್ ಕಾರಿನ ಬೂಸ್ಟ್ ಗೇಜ್ ಸದ್ದು ಮಾಡುತ್ತಿದ್ದರೆ: ಒಂದು ಹಿತ್ತಾಳೆ ನೀಡಲ್ ವಾಲ್ವಿನ ವಿಮರ್ಶೆ

ಈ ವಿಮರ್ಶೆ ಮುಖ್ಯವಾಗಿ ಒಂದು ಸಣ್ಣ ವಸ್ತುವಿನ ಕುರಿತದ್ದು. ಕಂಪ್ರೆಸರ್ ಸಾಮಾನು ಮಾರುವ ಅಂಗಡಿಗಳಲ್ಲಿ 300 ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಹಿತ್ತಾಳೆಯ ನೀಡಲ್ ವಾಲ್ವ್, ಎಂದರೆ ಒಳಗಿನ ಸೂಜಿಯನ್ನು ತಿರುಪಿನಿಂದ ಸರಿಸಿ ಗಾಳಿಯ ದಾರಿಯನ್ನು ಕಿರಿದು ಮಾಡುವ ಕವಾಟ, ಅದು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಡೀಸೆಲ್ ಕಾರಿಗೆ, ಆ ಗಾಳಿಯ ಒತ್ತಡವನ್ನು (ಬೂಸ್ಟ್) ತೋರಿಸುವ ಯಾಂತ್ರಿಕ ಬೂಸ್ಟ್ ಗೇಜ್ ಹಾಕಿಸಿಕೊಂಡು, ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ (ಐಡ್ಲಿಂಗ್‌ನಲ್ಲಿ) ಡ್ಯಾಶ್‌ಬೋರ್ಡಿನಿಂದ ಹೊರಡುವ ಕರಕರ ಸದ್ದಿಗೆ ಬೇಸತ್ತು, ಗೇಜೇ ಕೆಟ್ಟಿದೆಯೆಂದು ತೀರ್ಮಾನಿಸಿ ಅದನ್ನು ಕಳಚಿಸಿಬಿಟ್ಟವರನ್ನು ನಾನು ಬಲ್ಲೆ. ಅವರ ಗೇಜ್‌ಗಳಲ್ಲಿ ಹೆಚ್ಚಿನವು ಕೆಟ್ಟಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗೇಜನ್ನು ಕೂರಿಸಿದ ರೀತಿಯಲ್ಲಿ ಒಂದು ಭಾಗ ಕಡಿಮೆಯಾಗಿತ್ತು, ಅಷ್ಟೇ. ಆದ್ದರಿಂದ ವಾಲ್ವಿನ ಜೊತೆಗೆ ಗೇಜಿನ ಬಗ್ಗೆಯೂ, ಅದನ್ನು ಕೂರಿಸಿಕೊಟ್ಟ ಅಂಗಡಿಯ ಕೆಲಸದ ಬಗ್ಗೆಯೂ ಬರೆಯುವುದು ಅನಿವಾರ್ಯವಾಗಿದೆ.

ನನ್ನದು 1248 ಸಿಸಿ ಡೀಸೆಲ್ ಎಂಜಿನ್ನಿನ ಹಳೆಯ ಮಾರುತಿ ಸ್ವಿಫ್ಟ್. ಫಿಯಟ್‌ನ ಮಲ್ಟಿಜೆಟ್ ಎಂದು ಹೆಸರಾದ ಈ ಎಂಜಿನ್ 2007ರಲ್ಲಿ ಸ್ವಿಫ್ಟ್‌ಗೆ ಬಂತು. 2020ರ ಏಪ್ರಿಲ್‌ನಲ್ಲಿ ಹೊಗೆಯ ಮಿತಿಯ ಬಿಎಸ್-6 ನಿಯಮ ಜಾರಿಯಾದಾಗ ಮಾರುತಿ ಕಂಪನಿ ಡೀಸೆಲ್ ಕಾರುಗಳ ತಯಾರಿಕೆಯನ್ನೇ ಕೈಬಿಟ್ಟಿತು. ಹೊಸದು ಸಿಗದ ಇಂತಹ ಗಾಡಿಯನ್ನು ಇನ್ನಷ್ಟು ವರ್ಷ ಬಾಳಿಸಬೇಕೆಂದಿರುವವರಿಗೆ ಬೂಸ್ಟ್ ಗೇಜ್ ಬರಿಯ ಅಲಂಕಾರವಲ್ಲ. ಟರ್ಬೊದಿಂದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ ಹೋಸ್‌ಗಳಲ್ಲಿ ಎಲ್ಲಾದರೂ ಸಣ್ಣ ಸೀಳು ಬಿಟ್ಟರೆ, ಎಳೆತ ಕಡಿಮೆಯಾದದ್ದು ಚಾಲಕನಿಗೆ ಅರಿವಾಗುವುದಕ್ಕೂ ಹೊಗೆ ಕಪ್ಪಾಗುವುದಕ್ಕೂ ಮೊದಲೇ ಗೇಜಿನ ಮುಳ್ಳು ತಾನು ದಿನವೂ ಮುಟ್ಟುತ್ತಿದ್ದ ಗೆರೆಯನ್ನು ಮುಟ್ಟದೆ ನಿಲ್ಲುತ್ತದೆ. ಈ ಒಂದು ಪ್ರಯೋಜನಕ್ಕಾಗಿಯೇ ನಾನು ಗೇಜ್ ಹಾಕಿಸಿದ್ದು.

ಎಲೆಕ್ಟ್ರಾನಿಕ್ ಗೇಜನ್ನು ಬಿಟ್ಟು ಯಾಂತ್ರಿಕ ಗೇಜನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇದರ ಒಳಗಿರುವುದು ಫ್ರಾನ್ಸಿನ ಯೂಜೀನ್ ಬೋರ್ಡೋನ್ 1849ರಲ್ಲಿ ಪೇಟೆಂಟ್ ಪಡೆದ ಬೋರ್ಡೋನ್ ಕೊಳವೆಯೇ: ಚಪ್ಪಟೆಯಾಗಿ, ಅರೆವೃತ್ತಾಕಾರಕ್ಕೆ ಬಾಗಿರುವ ತೆಳುವಾದ ಲೋಹದ ಕೊಳವೆ. ಒಳಗೆ ಒತ್ತಡ ಹೆಚ್ಚಿದಂತೆ ಅದು ನೇರವಾಗಲು ಹವಣಿಸುತ್ತದೆ. ಅದರ ತುದಿಯ ಕೂದಲೆಳೆಯಷ್ಟು ಚಲನೆಯನ್ನು ಒಂದು ಕೊಂಡಿ ಮತ್ತು ಒಂದು ಜೊತೆ ಪುಟ್ಟ ಹಲ್ಲುಚಕ್ರಗಳು ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ. ಹಲ್ಲುಗಳ ನಡುವಿನ ಸಡಿಲ ಮುಳ್ಳಿನಲ್ಲಿ ಕಾಣದಂತೆ ಒಂದು ಸುರುಳಿ ಸ್ಪ್ರಿಂಗ್ ಅವನ್ನು ಸದಾ ಒಂದೇ ಕಡೆಗೆ ಎಳೆದು ಹಿಡಿದಿರುತ್ತದೆ. ಸೆನ್ಸರ್ ಇಲ್ಲ, ವೈರಿಂಗ್ ಇಲ್ಲ, ದೀಪಕ್ಕೆ ಬಿಟ್ಟರೆ ಕರೆಂಟಿನ ಹಂಗಿಲ್ಲ. ನಾನು ಕೊಂಡದ್ದು 52 ಮಿಲಿಮೀಟರ್ ವ್ಯಾಸದ, 0ಯಿಂದ 2 ಬಾರ್ ಒತ್ತಡದವರೆಗಿನ ಸಾಧಾರಣ ಬೆಲೆಯ ಗೇಜ್. ಅಂಕಿಗಳು ಸ್ಪಷ್ಟವಾಗಿವೆ, ರಾತ್ರಿಯಲ್ಲಿ ದೀಪ ಕಣ್ಣಿಗೆ ಚುಚ್ಚುವುದಿಲ್ಲ, ಮುಳ್ಳು ಕಾಲಿನ ಒತ್ತಿಗೆ ತಕ್ಷಣ ಓಗೊಡುತ್ತದೆ. ಇಷ್ಟರ ಮಟ್ಟಿಗೆ ಅದಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಅದರ ಪೆಟ್ಟಿಗೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬ ಮಾತು ಮುಂದೆ ಬರುತ್ತದೆ.

ಕೂರಿಸಿಕೊಟ್ಟದ್ದು ಬೆಂಗಳೂರಿನ ಒಂದು ಆಕ್ಸೆಸರೀಸ್ ಅಂಗಡಿ. ಕೆಲಸ ನೋಡುವುದಕ್ಕೆ ಅಚ್ಚುಕಟ್ಟಾಗಿತ್ತೆಂದು ಹೇಳಲೇಬೇಕು. ಇಂಟರ್‌ಕೂಲರ್ ದಾಟಿದ ಮೇಲಿನ ಹೋಸ್‌ನಲ್ಲಿ ಅಲ್ಯೂಮಿನಿಯಂ ಕೊಳವೆಯ ತುಂಡೊಂದನ್ನು ಸೇರಿಸಿ, ಅದಕ್ಕೆ ತೂತು ಕೊರೆದು, ಟ್ಯಾಪ್‌ನಿಂದ ಥ್ರೆಡ್ ಮಾಡಿ, ಹೋಸ್ ಸಿಕ್ಕಿಸುವ ನಿಪ್ಪಲ್ ಕೂರಿಸಿದ್ದರು. ಅಲ್ಲಿಂದ ಕ್ಯಾಬಿನ್ನಿಗೆ ಹೋಗುವ ಸಣ್ಣ ಸಿಲಿಕೋನ್ ಹೋಸನ್ನು ಎಂಜಿನ್ನಿನ ಬಿಸಿ ಭಾಗಗಳಿಂದ ದೂರವಿಟ್ಟು, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯಲ್ಲಿ (ಫೈರ್‌ವಾಲ್) ರಬ್ಬರ್ ಬಳೆಯ (ಗ್ರಾಮೆಟ್) ಮೂಲಕ ಒಳಗೆ ತಂದಿದ್ದರು. ಆದರೆ ನಿಪ್ಪಲ್‌ನಿಂದ ಗೇಜ್‌ವರೆಗೆ ಆ ಹೋಸ್ ನೇರವಾಗಿ, ನಡುವೆ ಯಾವ ತಡೆಯೂ ಇಲ್ಲದೆ ಬಂದಿತ್ತು. ಎಂಜಿನ್ ಚಾಲೂ ಮಾಡಿದ ಕೂಡಲೇ ಸದ್ದು ಶುರುವಾಯಿತು. ತಗಡಿನ ಡಬ್ಬಿಯೊಳಗೆ ಸಿಕ್ಕಿಹಾಕಿಕೊಂಡ ದುಂಬಿಯ ಸದ್ದಿನಂತೆ ಅದು ಒಂದೇ ಸಮನೆ ಕೇಳುತ್ತಿತ್ತು. ವಿಚಾರಿಸಿದಾಗ ಬಂದ ಉತ್ತರ: “ಡೀಸೆಲ್ ಗಾಡಿ ಅಲ್ವಾ ಸಾರ್, ಅಷ್ಟು ಸೌಂಡ್ ಇದ್ದೇ ಇರುತ್ತೆ. ಸ್ವಲ್ಪ ದಿನ ಆದ್ಮೇಲೆ ಅಭ್ಯಾಸ ಆಗುತ್ತೆ.” ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಡೀಸೆಲ್ ಎಂಜಿನ್ನಿನ ಸ್ವಭಾವ ಗೊತ್ತಿದ್ದೂ ಅದಕ್ಕೆ ಬೇಕಾದ ಭಾಗವನ್ನು ಹಾಕದೆ, ಉಳಿದದ್ದನ್ನು ಗಿರಾಕಿಯ ಅಭ್ಯಾಸಕ್ಕೆ ಬಿಡುವುದು ಅರ್ಧ ಕೆಲಸವೇ ಸರಿ.

ಸದ್ದಿನ ಮೂಲವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮೂಲ ತಿಳಿದರೆ ಪರಿಹಾರವೂ ಅದರಲ್ಲೇ ಕಾಣುತ್ತದೆ. ನಾಲ್ಕು ಸಿಲಿಂಡರ್‌ಗಳ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಿಲಿಂಡರ್‌ಗಳು ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 850 ಸುತ್ತು ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 28 ಬಾರಿ ಇನ್‌ಟೇಕ್ ಕೊಳವೆಯಲ್ಲಿ ಗಾಳಿಯ ಒತ್ತಡ ತಗ್ಗಿ ಏರುತ್ತದೆ. ಪೆಟ್ರೋಲ್ ಕಾರಿನಲ್ಲಿ ಥ್ರಾಟಲ್ ಕವಾಟ ಬಹುಪಾಲು ಮುಚ್ಚಿಕೊಂಡಿದ್ದು, ಇಂಟರ್‌ಕೂಲರ್ ಕೊಳವೆಗೂ ಸಿಲಿಂಡರ್‌ಗಳಿಗೂ ನಡುವೆ ಒಂದು ಗೋಡೆಯಾಗಿ ನಿಂತಿರುತ್ತದೆ. ಡೀಸೆಲ್ ಎಂಜಿನ್ನಿನ ವೇಗವನ್ನು ನಿಯಂತ್ರಿಸುವುದು ಇಂಧನದ ಪ್ರಮಾಣವೇ ಹೊರತು ಗಾಳಿಯ ಕವಾಟವಲ್ಲವಾದ್ದರಿಂದ ಅಲ್ಲಿ ಗಾಳಿಯ ದಾರಿ ತೆರೆದೇ ಇರುತ್ತದೆ, ಸಿಲಿಂಡರಿನ ಒಂದೊಂದು ಬಡಿತವೂ ಕೊಳವೆಯುದ್ದಕ್ಕೂ ಹಿಂದಕ್ಕೆ ಸಾಗಿ ಗೇಜಿನ ಹೋಸ್‌ಗೂ ನುಗ್ಗುತ್ತದೆ.

ಈ ಬಡಿತ ಬೋರ್ಡೋನ್ ಕೊಳವೆಯನ್ನು ಮುಟ್ಟಿದಾಗ ಏನಾಗುತ್ತದೆಂಬುದನ್ನು ಗೇಜಿನ ಗಾಜಿಗೆ ಮುಖವಿಟ್ಟು ನೋಡಿದರೆ ಕಣ್ಣಾರೆ ಕಾಣಬಹುದು. ಐಡ್ಲಿಂಗ್‌ನಲ್ಲಿ ಬೂಸ್ಟ್ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಮುಳ್ಳು ಸೊನ್ನೆಯ ಬಳಿಯ ಪುಟ್ಟ ತಡೆಗಡ್ಡಿಗೆ ಒರಗಿಕೊಂಡಿರುತ್ತದೆ. ಒಂದೊಂದು ಬಡಿತಕ್ಕೂ ಅದು ಗಡ್ಡಿಯಿಂದ ಎದ್ದು ಮತ್ತೆ ಅದರ ಮೇಲೆ ಬೀಳುತ್ತದೆ. ಮುಳ್ಳಿನ ತುದಿ ಒಂದು ಗೆರೆಯಾಗಿ ಕಾಣದೆ ಮಸುಕಾದ ಬೀಸಣಿಗೆಯ ಆಕಾರದಲ್ಲಿ ಅಗಲವಾಗಿ ಕಾಣುತ್ತದೆ. ನಾವು ಕೇಳುವ ಕರಕರ ಸದ್ದಿನಲ್ಲಿ ಅರ್ಧ ಪಾಲು ಮುಳ್ಳು ಗಡ್ಡಿಗೆ ಬಡಿಯುವುದು, ಇನ್ನರ್ಧ ಹಲ್ಲುಚಕ್ರಗಳು ಒಂದನ್ನೊಂದು ಕುಟ್ಟುವುದು. ಆಕ್ಸಿಲರೇಟರ್ ಒತ್ತಿ ಗಾಡಿ ಓಡತೊಡಗಿದರೆ ಸದ್ದು ತಾನಾಗಿ ಇಲ್ಲವಾಗುತ್ತದೆ: ಮುಳ್ಳು ಗಡ್ಡಿಯನ್ನು ಬಿಟ್ಟು ಮೇಲೇರಿರುತ್ತದೆ, ಮತ್ತು 3000 ಸುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಬರುವ ಬಡಿತದ ವೇಗಕ್ಕೆ ಹೆಜ್ಜೆ ಹಾಕಲು ಮುಳ್ಳಿಗೆ ಸಾಧ್ಯವಾಗುವುದಿಲ್ಲ. ಓಡಿಸಿ ನೋಡಿದ ಮೆಕ್ಯಾನಿಕ್‌ಗೆ ಏನೂ ಕೇಳಿಸದೆ, ಸಿಗ್ನಲ್‌ನಲ್ಲಿ ನಿಂತ ಮಾಲೀಕನಿಗೆ ಮಾತ್ರ ಕೇಳಿಸುವುದಕ್ಕೆ ಇದೇ ಕಾರಣ.

ಆದರೂ ಎಲ್ಲ ಸದ್ದಿಗೂ ಗಾಳಿಯ ಬಡಿತವೇ ಕಾರಣವೆಂದು ಮೊದಲೇ ನಂಬಬಾರದು, ಪರೀಕ್ಷಿಸುವುದು ಸುಲಭ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಗೇಜಿನ ಹಿಂದಿನ ಸಿಲಿಕೋನ್ ಹೋಸನ್ನು ಎರಡು ಬೆರಳುಗಳಿಂದ ನಿಧಾನವಾಗಿ ಹಿಸುಕುತ್ತಾ ಬನ್ನಿ. ಹೋಸಿನ ಒಳದಾರಿ ಕಿರಿದಾಗುತ್ತಿದ್ದಂತೆ ಸದ್ದು ಅಡಗುತ್ತಾ ಬಂದರೆ, ಮುಳ್ಳಿನ ಬೀಸಣಿಗೆ ಮಡಚಿಕೊಂಡು ಒಂದು ಗೆರೆಯಾಗಿ ನಿಂತರೆ, ಕಾರಣ ಗಾಳಿಯ ಬಡಿತವೇ. ಪೂರ್ತಿ ಹಿಸುಕಿದರೂ ಸದ್ದು ನಿಲ್ಲದಿದ್ದರೆ ಗೇಜ್ ಕೂರಿಸಿದ ಗೂಡು (ಪಾಡ್) ಅಥವಾ ಅದರ ಬ್ರಾಕೆಟ್ ಅದುರುತ್ತಿದೆ. ಅದಕ್ಕೆ ತೆಳುವಾದ ರಬ್ಬರ್ ಪಟ್ಟಿ ಸಾಕು. ಬುಸ್ಸೆನ್ನುವ ಸದ್ದಾದರೆ ಹೋಸ್ ಎಲ್ಲೋ ಸೋರುತ್ತಿದೆ. ನನ್ನ ಗಾಡಿಯಲ್ಲಿ ಹಿಸುಕಿದ ಕೂಡಲೇ ಸದ್ದು ನಿಂತಿತು, ಮತ್ತು ಬೆರಳು ಮಾಡಿದ ಕೆಲಸವನ್ನೇ ಶಾಶ್ವತವಾಗಿ ಮಾಡುವ ಭಾಗವೊಂದು ಬೇಕೆಂಬುದು ಅಲ್ಲಿಗೆ ಖಚಿತವಾಯಿತು.

ಸದ್ದನ್ನು ಸಹಿಸಿಕೊಳ್ಳಬಲ್ಲೆ ಎನ್ನುವವರಿಗೂ ಒಂದು ಮಾತು. ಸೆಕೆಂಡಿಗೆ 28ರಂತೆ ಲೆಕ್ಕ ಹಾಕಿದರೆ ಟ್ರಾಫಿಕ್‌ನಲ್ಲಿ ನಿಂತ ಒಂದು ಗಂಟೆಯಲ್ಲಿ ಆ ಪುಟ್ಟ ಹಲ್ಲುಗಳು ಒಂದು ಲಕ್ಷ ಬಾರಿ ಕುಟ್ಟಿಕೊಳ್ಳುತ್ತವೆ, ಅದೂ ಸೊನ್ನೆಯ ಬಳಿಯ ಎರಡು ಮೂರು ಹಲ್ಲುಗಳ ಮೇಲೆಯೇ. ಅಲ್ಲಿ ಸವೆತ ಶುರುವಾದರೆ ಮುಳ್ಳು ಸೊನ್ನೆಗೆ ಸರಿಯಾಗಿ ಹಿಂದಿರುಗುವುದಿಲ್ಲ, ಆಮೇಲೆ ಗೇಜ್ ನಿಜವಾಗಿಯೂ ಕೆಡುತ್ತದೆ. ಕಾರ್ಖಾನೆಗಳಲ್ಲಿ ಪಂಪು, ಕಂಪ್ರೆಸರ್‌ಗಳ ಮೇಲೆ ಒತ್ತಡದ ಗೇಜ್ ಕೂರಿಸುವಾಗ ಬಡಿತವನ್ನು ತಡೆಯುವ ಸ್ನಬರ್ ಎಂಬ ಭಾಗವನ್ನು ನಡುವೆ ಹಾಕುವುದು ಮೊದಲಿನಿಂದಲೂ ನಡೆದುಬಂದ ಕ್ರಮ. ಕಾರಿನ ಗೇಜ್ ಮಾರುವವರು ಮಾತ್ರ ಅದನ್ನು ಬಿಟ್ಟುಬಿಟ್ಟಿದ್ದಾರೆ. ನಾನು ಕೊಂಡ ಪೆಟ್ಟಿಗೆಯಲ್ಲಿ ಹೋಸ್ ಇತ್ತು, ಟಿ-ಜಾಯಿಂಟ್ ಇತ್ತು, ಬಲ್ಬ್ ಇತ್ತು, ಸ್ಟಿಕರ್ ಕೂಡ ಇತ್ತು. ಈ ಒಂದು ತಡೆ ಮಾತ್ರ ಇರಲಿಲ್ಲ. ಗೇಜಿಗೆ ನಾನು ಅಂಕ ಕಡಿಮೆ ಮಾಡುವುದು ಇಲ್ಲೇ.

ಪರಿಹಾರಗಳು ಹಲವಿವೆ. ಎಲ್ಲಕ್ಕಿಂತ ಅಗ್ಗವಾದದ್ದು ಮೀನಿನ ತೊಟ್ಟಿಗೆ ಗಾಳಿ ಹಾಯಿಸುವ ಸಣ್ಣ ಪ್ಲಾಸ್ಟಿಕ್ ವಾಲ್ವ್. ಅದೂ ಕೆಲಸ ಮಾಡುತ್ತದೆಂದು ಒಪ್ಪಿಕೊಳ್ಳುತ್ತೇನೆ, ಏಕೆಂದರೆ ನಾನು ಮೊದಲು ಹಾಕಿ ನೋಡಿದ್ದು ಅದನ್ನೇ. ಆದರೆ ಅದರ ತಿರುಪು ಸಡಿಲ, ಗಾಡಿಯ ಕುಲುಕಾಟಕ್ಕೆ ತಾನಾಗಿ ತಿರುಗಿಕೊಳ್ಳುತ್ತದೆ; ಬಾನೆಟ್ ಅಡಿಯ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗುವುದರಿಂದ ಕ್ಯಾಬಿನ್ ಒಳಗೇ ಇಡಬೇಕಾಗುತ್ತದೆ. ಇನ್ನೊಂದು ಉಪಾಯ ಮಿಗ್ ವೆಲ್ಡಿಂಗ್ ಟಾರ್ಚಿನ 0.8 ಮಿಲಿಮೀಟರ್ ತೂತಿನ ತಾಮ್ರದ ತುದಿಯನ್ನು ಹೋಸಿನೊಳಗೆ ತೂರಿಸಿ ಹೊರಗಿನಿಂದ ಕ್ಲಿಪ್ ಬಿಗಿಯುವುದು. ಗೆಳೆಯರೊಬ್ಬರ ಬೊಲೆರೊದಲ್ಲಿ ಇದನ್ನು ನೋಡಿದ್ದೇನೆ. ಗಟ್ಟಿಯಾದ ಕೆಲಸ, ಆದರೆ ಆ ತೂತಿನ ಅಳತೆ ನಿಮ್ಮ ಎಂಜಿನ್ನಿಗೆ ಸರಿಹೋಗದಿದ್ದರೆ ಹೊಂದಿಸುವ ಅವಕಾಶವಿಲ್ಲ. ಗ್ಲಿಸರಿನ್ ತುಂಬಿದ ಗೇಜ್ ಮುಳ್ಳನ್ನು ತಣ್ಣಗೆ ಕೂರಿಸುತ್ತದೆ, ಆದರೆ ಅಂಥವು ಮೋಟರ್ ಪಂಪಿಗಾಗಿ ಮಾಡಿದವು. ರಾತ್ರಿ ಓದಲು ದೀಪವಿರುವುದಿಲ್ಲ. ಕಾರ್ಖಾನೆಯ ಸ್ನಬರ್‌ಗಳಲ್ಲಿ ಒಂದು ಬಗೆಯವಕ್ಕೆ ಸೂಕ್ಷ್ಮ ರಂಧ್ರಗಳ ಲೋಹದ ಬಿಲ್ಲೆ ಇರುತ್ತದೆ. ಡೀಸೆಲ್ ಎಂಜಿನ್ನಿನ ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯ ಆವಿ ಟರ್ಬೊ ಮೂಲಕ ಇಂಟರ್‌ಕೂಲರ್ ಕೊಳವೆಗೂ ಬರುವುದರಿಂದ, ಆ ರಂಧ್ರಗಳು ಕಟ್ಟಿಕೊಳ್ಳುವ ಭಯ ನನಗಿದೆ.

ಕೊನೆಗೆ ನಾನು ಹೋದದ್ದು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿರುವ, ಕಂಪ್ರೆಸರ್ ಫಿಟ್ಟಿಂಗ್ ಮಾರುವ ಒಂದು ಪುಟ್ಟ ಅಂಗಡಿಗೆ. ಗಲ್ಲಾದಲ್ಲಿದ್ದ ಹಿರಿಯರು ಸಮಸ್ಯೆಯನ್ನು ಪೂರ್ತಿ ಕೇಳಿಸಿಕೊಂಡರು. ನಾನು ಮೊದಲು ಕೈಗೆತ್ತಿಕೊಂಡದ್ದು ಏರ್ ಸಿಲಿಂಡರ್‌ಗಳ ವೇಗ ಹೊಂದಿಸಲು ಬಳಸುವ ಸ್ಪೀಡ್ ಕಂಟ್ರೋಲರ್. “ಅದು ಬೇಡಿ ಸಾರ್, ಅದರಲ್ಲಿ ನಾನ್-ರಿಟರ್ನ್ ಇರುತ್ತೆ. ಒಂದು ಕಡೆಗೆ ಹಿಡಿಯುತ್ತೆ, ಇನ್ನೊಂದು ಕಡೆಗೆ ಬಿಟ್ಟುಬಿಡುತ್ತೆ. ನಿಮ್ಮ ಮೀಟರ್ ಸುಳ್ಳು ತೋರಿಸುತ್ತೆ” ಎಂದು ಅವರು ತಡೆದರು. ಈ ಮಾತು ಅಕ್ಷರಶಃ ಸರಿ: ಗಾಳಿ ಒಂದು ದಿಕ್ಕಿನಲ್ಲಿ ಸಲೀಸಾಗಿ, ಮತ್ತೊಂದು ದಿಕ್ಕಿನಲ್ಲಿ ಕಷ್ಟಪಟ್ಟು ಹೋಗುವಂತಿದ್ದರೆ ಮುಳ್ಳು ಸರಾಸರಿ ಒತ್ತಡವನ್ನು ತೋರದೆ ಬಡಿತದ ತುದಿಯನ್ನೋ ತಳವನ್ನೋ ಹಿಡಿದು ನಿಲ್ಲುತ್ತದೆ. ನೋಡಲು ಎರಡೂ ಒಂದೇ ಥರ ಇರುವುದರಿಂದ ಕೊಳ್ಳುವವರು ಇದನ್ನು ಗಮನಿಸಲೇಬೇಕು. ಆಮೇಲೆ ಅವರು ಹಿತ್ತಾಳೆಯ ನೀಡಲ್ ವಾಲ್ವೊಂದನ್ನು ತೆಗೆದು, ತಿರುಪನ್ನು ಪೂರ್ತಿ ಬಿಚ್ಚಿ, ಮೊನೆಯಾಗಿ ಕಡೆದ ಅದರ ಸೂಜಿಯನ್ನು ನನ್ನ ಅಂಗೈಯ ಮೇಲಿಟ್ಟರು. ಸೂಜಿಯ ಇಳಿಜಾರು ಉದ್ದವಾಗಿತ್ತು, ಥ್ರೆಡ್ ಸಣ್ಣದಾಗಿತ್ತು. ಎಂದರೆ ತಿರುಪನ್ನು ಕಾಲು ಸುತ್ತು ತಿರುಗಿಸಿದರೂ ದಾರಿ ಅತಿ ಸ್ವಲ್ಪವೇ ತೆರೆಯುತ್ತದೆ. ತಿರುಪು ಅಲುಗದಂತೆ ಬಿಗಿಯಲು ಒಂದು ಲಾಕ್-ನಟ್ ಕೂಡ ಇತ್ತು. ಎರಡೂ ತುದಿಗೆ ಹೋಸಿನ ಅಳತೆಯ ನಿಪ್ಪಲ್‌ಗಳನ್ನು ಟೆಫ್ಲಾನ್ ಟೇಪ್ ಸುತ್ತಿ ತಾವೇ ಬಿಗಿದು, ಕಂಪ್ರೆಸರ್ ಗಾಳಿ ಬಿಟ್ಟು ಸೋಪಿನ ನೀರಿನಲ್ಲಿ ಸೋರಿಕೆ ನೋಡಿಕೊಟ್ಟರು. ಕೇಳದೆಯೇ ಮಾಡಿಕೊಟ್ಟ ಈ ಪರೀಕ್ಷೆಗಾಗಿ ಆ ಅಂಗಡಿಯ ಬಗ್ಗೆ ನನಗೆ ಗೌರವವಿದೆ.

ವಾಲ್ವನ್ನು ಗೇಜಿನ ಬಳಿ ಹಾಕಬೇಕೋ ಎಂಜಿನ್ನಿನ ಬಳಿಯೋ ಎಂಬುದಕ್ಕೆ ಎರಡು ಅಭಿಪ್ರಾಯಗಳಿವೆ. ನಾನು ಎಂಜಿನ್ನಿನ ಬಳಿ, ನಿಪ್ಪಲ್‌ನಿಂದ ಒಂದು ಗೇಣು ದೂರದಲ್ಲಿ ಹಾಕಿಸಿದ್ದೇನೆ. ಕಿರಿದಾದ ದಾರಿಯ ಹಿಂದೆ ಗಾಳಿ ತುಂಬುವ ಜಾಗ ಹೆಚ್ಚಿದ್ದಷ್ಟೂ ಬಡಿತ ಚೆನ್ನಾಗಿ ಅಡಗುತ್ತದೆ. ಹೀಗೆ ಹಾಕಿದರೆ ಕ್ಯಾಬಿನ್‌ವರೆಗಿನ ಇಡೀ ಹೋಸ್ ಆ ಜಾಗವಾಗಿ ಒದಗುತ್ತದೆ. ಮುಂದೆಂದೋ ಆ ಹೋಸ್ ಸೀಳಿದರೂ ವಾಲ್ವಿನ ಸೂಕ್ಷ್ಮ ದಾರಿಯಿಂದ ಸೋರುವ ಗಾಳಿ ಅತ್ಯಲ್ಪವಾದ್ದರಿಂದ ಎಂಜಿನ್ನಿನ ಬೂಸ್ಟ್‌ಗೆ ಧಕ್ಕೆಯಾಗುವುದಿಲ್ಲ. ಹಿತ್ತಾಳೆಗೆ ಬಾನೆಟ್ ಅಡಿಯ ಬಿಸಿ ಲೆಕ್ಕಕ್ಕಿಲ್ಲ. ಇದೆಲ್ಲ ಬರಿಯ ಗಾಳಿಯ ಹೋಸಿನ ಮಾತು. ಯಾಂತ್ರಿಕ ಆಯಿಲ್ ಪ್ರೆಶರ್ ಗೇಜಿನ ಕೊಳವೆಯಲ್ಲಿ ಬಿಸಿ ಎಣ್ಣೆ ಇರುತ್ತದೆ, ಅದನ್ನು ಇದೇ ಬಗೆಯ ಸಿಲಿಕೋನ್ ಹೋಸಿನಲ್ಲಿ ಕ್ಯಾಬಿನ್ ಒಳಗೆ ತರುವ ಸಾಹಸವನ್ನು ದಯವಿಟ್ಟು ಯಾರೂ ಮಾಡಬಾರದು.

ಹೊಂದಿಸುವ ಕ್ರಮ ಹೀಗೆ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಬಿಟ್ಟು ವಾಲ್ವನ್ನು ಪೂರ್ತಿ ಮುಚ್ಚಬೇಕು. ಆಗ ಗೇಜ್ ಮೌನವಾಗಿರುತ್ತದೆ. ಒಬ್ಬರು ಸೀಟಿನಲ್ಲಿ ಕುಳಿತು ಕಿವಿಗೊಟ್ಟಿರಲು, ಇನ್ನೊಬ್ಬರು ತಿರುಪನ್ನು ಕಾಲು ಸುತ್ತಿನಂತೆ ತೆರೆಯುತ್ತಾ ಹೋಗಬೇಕು. ಮುಳ್ಳು ಮೊದಲ ಬಾರಿಗೆ ನಡುಗಿದ ಜಾಗದಲ್ಲಿ ನಿಲ್ಲಿಸಿ, ಅಲ್ಲಿಂದ ಒಂದಿಷ್ಟು ಹಿಂದಕ್ಕೆ ತಿರುಗಿಸಿ ಲಾಕ್-ನಟ್ ಬಿಗಿಯಬೇಕು. ಅಲ್ಲಿಗೆ ಅರ್ಧ ಕೆಲಸ ಆಯಿತು. ಉಳಿದರ್ಧವನ್ನು ರಸ್ತೆಯ ಮೇಲೆ ನೋಡಬೇಕು: ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 1500 ಸುತ್ತಿನಿಂದ ಆಕ್ಸಿಲರೇಟರ್ ಒತ್ತಿದಾಗ, ಬೆನ್ನಿಗೆ ಎಳೆತ ಗೊತ್ತಾಗುವ ಹೊತ್ತಿಗೇ ಮುಳ್ಳೂ ಏರುತ್ತಿರಬೇಕು. ಎಳೆತ ಬಂದ ಮೇಲೆ ಮುಳ್ಳು ನಿಧಾನವಾಗಿ ತೆವಳುತ್ತಾ ಏರಿದರೆ, ಅಥವಾ ಕಾಲು ತೆಗೆದ ಮೇಲೂ ಇಳಿಯಲು ತಡಮಾಡಿದರೆ ದಾರಿ ಅತಿಯಾಗಿ ಕಿರಿದಾಗಿದೆ ಎಂದರ್ಥ, ಒಂದಿಷ್ಟು ತೆರೆಯಬೇಕು. ಮೌನಕ್ಕೂ ಚುರುಕಿಗೂ ನಡುವೆ ಸರಿಯಾದ ಜಾಗ ಸಿಗುವವರೆಗೆ ತಾಳ್ಮೆ ಬೇಕು. ಸ್ಥಿರ ತೂತಿನ ಉಪಾಯಗಳಿಗಿಂತ ನೀಡಲ್ ವಾಲ್ವ್ ಮೇಲೆಂದು ನಾನು ಹೇಳುವುದು ಇದಕ್ಕಾಗಿಯೇ.

ಹೀಗೆ ದಾರಿಯನ್ನು ಕಿರಿದು ಮಾಡಿದರೆ ಗೇಜ್ ಕಡಿಮೆ ತೋರಿಸುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಗೇಜಿನ ಕಡೆಯ ತುದಿ ಮುಚ್ಚಿರುವುದರಿಂದ, ಒಳಗೆ ಗಾಳಿ ನಿರಂತರವಾಗಿ ಹರಿಯುವುದಿಲ್ಲ. ಒತ್ತಡ ಒಂದೇ ಮಟ್ಟದಲ್ಲಿ ನಿಂತಿದ್ದರೆ ವಾಲ್ವಿನ ಎರಡೂ ಬದಿಯಲ್ಲಿ ಅದು ಸಮವಾಗಿರುತ್ತದೆ. ಇದನ್ನು ಕಾರಿನ ಕಂಪ್ಯೂಟರಿನ ಮಾಹಿತಿ ಕೊಡುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸಿ ಫೋನಿನಲ್ಲಿ ನೋಡುವ ಬ್ಲೂಟೂತ್ ಅಡಾಪ್ಟರ್‌ನಿಂದ ತಾಳೆ ನೋಡಬಹುದು, ಆದರೆ ಒಂದು ವ್ಯತ್ಯಾಸ ನೆನಪಿರಲಿ. ಕಾರಿನ ಸೆನ್ಸರ್ ಹೇಳುವುದು ನಿರ್ವಾತದಿಂದ ಲೆಕ್ಕ ಹಾಕಿದ ಪೂರ್ಣ ಒತ್ತಡವನ್ನು. ಗೇಜ್ ಹೇಳುವುದು ಹೊರಗಿನ ವಾತಾವರಣಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಎಂಜಿನ್ ಆಫ್ ಇದ್ದು ಕೀ ಆನ್ ಮಾಡಿದಾಗ ಸೆನ್ಸರ್ ಸುಮಾರು 91 ಕಿಲೊಪಾಸ್ಕಲ್ ತೋರಿಸುತ್ತದೆ, ಮಂಗಳೂರಿನಲ್ಲಾದರೆ 101ರ ಆಸುಪಾಸು. ಆದ್ದರಿಂದ ಬೆಂಗಳೂರಿನ ರಸ್ತೆಯಲ್ಲಿ ಫೋನಿನಲ್ಲಿ 191 ಎಂದು ಕಂಡರೆ, 91 ಕಳೆದು ಉಳಿದ 100 ಕಿಲೊಪಾಸ್ಕಲ್, ಎಂದರೆ 1 ಬಾರ್, ಗೇಜ್ ತೋರಿಸಬೇಕು. ನನ್ನ ಗೇಜಿನ ಮುಳ್ಳು ಈ ಲೆಕ್ಕಕ್ಕೆ ಗೆರೆಯ ದಪ್ಪದಷ್ಟು ಅಂತರದಲ್ಲಿ ಹೊಂದಿಕೊಂಡಿತು, ವಾಲ್ವ್ ಇಲ್ಲದಾಗಲೂ, ಹಾಕಿದ ಮೇಲೂ.

ವಾಲ್ವಿನ ಕೊರತೆಗಳನ್ನೂ ಹೇಳಬೇಕು. ಅದರ ತೂಕಕ್ಕೆ ಹೋಸ್ ಜೋತುಬೀಳುವುದರಿಂದ ಹತ್ತಿರದ ಬ್ರಾಕೆಟ್‌ಗೆ ಕ್ಲಿಪ್ ಹಾಕಿ ಹಿಡಿಸಬೇಕು. ಇಲ್ಲವಾದರೆ ನಿಪ್ಪಲ್ ಬಳಿ ಹೋಸ್ ಸವೆಯುತ್ತದೆ. ವಾಲ್ವಿನ ಮೈಮೇಲೆ ಯಾವ ಗುರುತೂ ಇಲ್ಲದಿರುವುದರಿಂದ, ಹೊಂದಿಸಿದ ಜಾಗವನ್ನು ಪೇಂಟ್ ಮಾರ್ಕರ್‌ನಿಂದ ಗುರುತು ಮಾಡಿಟ್ಟುಕೊಳ್ಳುವುದು ಮೇಲು. ಎಣ್ಣೆಯ ಆವಿ ಸೂಜಿಯ ಮೊನೆಯಲ್ಲೂ ಸ್ವಲ್ಪ ಸ್ವಲ್ಪವಾಗಿ ಕೂರುತ್ತದೆ. ಮುಳ್ಳು ಮೊದಲಿಗಿಂತ ಮಂದವಾಗಿ ಏರುತ್ತಿದೆ ಎನ್ನಿಸಿದರೆ ತಿರುಪು ಬಿಚ್ಚಿ ಸೂಜಿಯನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಮತ್ತೆ ಗುರುತಿಗೆ ತಂದು ನಿಲ್ಲಿಸಬೇಕು. ಏರ್ ಫಿಲ್ಟರ್ ಬದಲಿಸುವಾಗಲೇ ಇದನ್ನೂ ನೋಡಿಕೊಂಡರೆ ಬೇರೆ ಶ್ರಮವಿಲ್ಲ.

ವಾಲ್ವಿಗೆ ಐದಕ್ಕೆ ನಾಲ್ಕೂವರೆ, ಗೇಜಿಗೆ ಮೂರೂವರೆ, ಪೀಣ್ಯದ ಅಂಗಡಿಗೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಕೊಳ್ಳಲು ಹೋಗುವವರು ತಮ್ಮ ಗೇಜಿನ ಹೋಸಿನ ಒಂದು ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಎರಡೂ ದಿಕ್ಕಿಗೆ ತಡೆಯುವ, ನಾನ್-ರಿಟರ್ನ್ ಇಲ್ಲದ, ಲಾಕ್-ನಟ್ ಇರುವ ಹಿತ್ತಾಳೆ ನೀಡಲ್ ವಾಲ್ವ್ ಬೇಕೆಂದು ಕೇಳಬೇಕು, ನಿಪ್ಪಲ್‌ಗಳನ್ನು ಅಲ್ಲೇ ಹಾಕಿಸಿ ಸೋರಿಕೆಯನ್ನು ಅಲ್ಲೇ ನೋಡಿಸಿಕೊಳ್ಳಬೇಕು. ಹೊಸದಾಗಿ ಗೇಜ್ ಹಾಕಿಸುವವರಾದರೆ ಈ ವಾಲ್ವನ್ನು ಮೊದಲೇ ಕೊಂಡು ಫಿಟ್ಟರ್ ಕೈಗೆ ಗೇಜಿನ ಜೊತೆಯಲ್ಲೇ ಕೊಡಿ. ಇಂಟರ್‌ಕೂಲರ್ ಹೋಸನ್ನು ಎರಡನೇ ಸಲ ಬಿಚ್ಚಿಸುವ ಕೂಲಿ ಉಳಿಯುತ್ತದೆ.